ಅವ್ಯವಸ್ಥಾವಾಚಕ ಶಬ್ದಗಳ ಅರ್ಥವೂ ಇತಿಹಾಸವೂ

ಕನ್ನಡದಲ್ಲಿ ಕ್ರಮವನ್ನು ಹೇಳುವ ಶಬ್ದಗಳು ಕೆಲವೇ. ಅವುಗಳಲ್ಲಿಯೂ ಬಹುಭಾಗ ಶಾಸ್ತ್ರಗ್ರಂಥಗಳಿಂದ ಇಳಿದುಬಂದವು. ಕ್ರಮ, ನಿಯಮ, ಪದ್ಧತಿ, ವ್ಯವಸ್ಥೆ ಇವು ಸಂಸ್ಕೃತದವು. ದೇಶ್ಯದಲ್ಲಿ ಓರಣ, ಕಟ್ಟು, ಸಾಲು ಎಂಬಿವನ್ನು ಎಣಿಸಿದರೆ ಮುಗಿಯಿತು. ಕ್ರಮಭಂಗವನ್ನು ಹೇಳುವ ಶಬ್ದಗಳಾದರೋ ಹಾಗಲ್ಲ. ಅವ್ಯವಸ್ಥೆ, ಅಸ್ತವ್ಯಸ್ತ, ಅಲ್ಲೋಲಕಲ್ಲೋಲ, ಗೊಂದಲ, ಗಲಿಬಿಲಿ, ಗಜಿಬಿಜಿ, ಚೆಲ್ಲಾಪಿಲ್ಲಿ, ತಾರುಮಾರು, ಅಡ್ಡಾದಿಡ್ಡಿ, ಕಲಸುಮೇಲೋಗರ, ದೊಂಬಿ, ದಂಗೆ, ಅರಾಜಕ ಎಂದು ಒಂದೇ ಉಸಿರಿನಲ್ಲಿ ಹದಿಮೂರನ್ನು ಹೇಳಬಹುದು; ಹೇಳಿದ ಮೇಲೂ ಬಹಳ ಉಳಿಯುವುವು. ಶಾಲೆಯ ಪಾಠಗಳಲ್ಲಿ ಇವುಗಳನ್ನು ಒಂದಕ್ಕೊಂದು ಪರ್ಯಾಯವೆಂದು ಹೇಳಿಕೊಡುವ ರೂಢಿಯುಂಟು. ಆದರೆ ಒಂದೊಂದರ ಪೂರ್ವಚರಿತ್ರೆಯನ್ನು ವಿಚಾರಿಸಿದರೆ ಒಂದು ವಿಶೇಷವು ತೋರಿಬರುತ್ತದೆ. ಇವುಗಳಲ್ಲಿ ಮುಖ್ಯವಾದ ಹಲವು ಶಬ್ದಗಳು ಹುಟ್ಟಿದಾಗ ಅವ್ಯವಸ್ಥೆಯನ್ನು ಹೇಳುತ್ತಲೇ ಇರಲಿಲ್ಲ. ಯಾವುದೋ ಒಂದು ವ್ಯವಸ್ಥೆಗೆ, ಒಂದು ಪೂಜೆಗೆ, ಒಂದು ಶಾಸ್ತ್ರಪ್ರಕ್ರಿಯೆಗೆ, ಇಲ್ಲವೆ ಊಟದ ಒಂದು ಪದಾರ್ಥಕ್ಕೆ ಅವು ಹೆಸರಾಗಿದ್ದುವು. ಹೊರಗೆ ನಿಂತು ಕೇಳಿದವನ ಬಾಯಲ್ಲಿ ಅವ್ಯವಸ್ಥೆಗೆ ಹೆಸರಾದುವು. ಇದು ಕೋಶಕಾರರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಕಳೆದ ಶತಮಾನಗಳ ಜನಕ್ಷೋಭೆಗಳನ್ನು ಕುರಿತು ಬರೆಯುವವರೂ ಪಾಠ ಹೇಳುವವರೂ ಯಾವ ಶಬ್ದವನ್ನು ಆರಿಸಿಕೊಳ್ಳುವರೋ ಅದರೊಡನೆ ಒಂದು ತೀರ್ಪನ್ನೂ ಅರಿಯದೆ ಆರಿಸಿಕೊಂಡಿರುತ್ತಾರೆ.

ಮೊದಲು ತತ್ಸಮಗಳನ್ನು ನೋಡಬೇಕು. ವಿ ಮತ್ತು ಅವ ಎಂಬ ಎರಡು ಉಪಸರ್ಗಗಳು ಸ್ಥಾ ಧಾತುವಿಗೆ ಸೇರಿ ವ್ಯವಸ್ಥಾ ಎಂದಾಗುವುದು. ಬೇರೆಬೇರೆಯಾಗಿ ನೆಲೆಗೊಳಿಸುವುದೆಂದು ಇದರ ಅವಯವಾರ್ಥ. ಧರ್ಮಶಾಸ್ತ್ರದ ನಿಬಂಧಕಾರರಲ್ಲಿ ಇದು ಪಾರಿಭಾಷಿಕ ಶಬ್ದ. ಎರಡು ಸ್ಮೃತಿವಚನಗಳು ಒಂದಕ್ಕೊಂದು ವಿರುದ್ಧವಾಗಿ ಕಂಡಾಗ ಇದಕ್ಕೆ ಈ ವಿಷಯ, ಅದಕ್ಕೆ ಆ ವಿಷಯ ಎಂದು ಎಲ್ಲೆಗಳನ್ನು ಗೊತ್ತುಮಾಡಿ ಎರಡನ್ನೂ ಉಳಿಸಿಕೊಳ್ಳುವುದಕ್ಕೆ ವ್ಯವಸ್ಥೆಯೆಂದು ಹೆಸರು. ವೈಯಾಕರಣರ ವ್ಯವಸ್ಥಿತವಿಭಾಷೆಯಲ್ಲಿಯೂ ಇದೇ ನ್ಯಾಯವಿರುವುದು. ಕುಂಪಣಿ ಸರಕಾರದ ನ್ಯಾಯಸ್ಥಾನಗಳಲ್ಲಿ ನಿಯಮಿತರಾಗಿದ್ದ ಪಂಡಿತರು ಬರೆದುಕೊಡುತ್ತಿದ್ದ ಅಭಿಪ್ರಾಯಕ್ಕೆ ವ್ಯವಸ್ಥಾಪತ್ರವೆಂಬ ಹೆಸರು ಬಂದುದೂ ಈ ಕಾರಣದಿಂದಲೇ. ಆ ಪಂಡಿತರ ಹುದ್ದೆ 1864ರಲ್ಲಿ ರದ್ದಾಯಿತು. ಹೀಗಿರಲು ಅವ್ಯವಸ್ಥೆ ಎಂದರೆ ಚದುರಿಬಿದ್ದಿರುವುದಲ್ಲ, ನಿರ್ಣಯವಾಗದೆ ಇರುವುದು. ಮನೆಯ ಸಾಮಾನುಗಳು ಹರಡಿಕೊಂಡು ಬಿದ್ದಿದ್ದರೆ ಹಿಂದಿನ ಪಂಡಿತನು ಅದನ್ನು ಅವ್ಯವಸ್ಥೆ ಎನ್ನುತ್ತಿರಲಿಲ್ಲ. ಶ್ರಾದ್ಧದ ತಿಥಿ ಇಂದೋ ನಾಳೆಯೋ ಎಂಬುದು ತೀರ್ಮಾನವಾಗದಿದ್ದರೆ ಎನ್ನುತ್ತಿದ್ದನು.

ಅಸ್ತವ್ಯಸ್ತ ಎಂಬುದರ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಸೂರ್ಯಾಸ್ತದ ಅಸ್ತಶಬ್ದವೇ ಇಲ್ಲಿಯೂ ಇರುವುದೆಂದು ಕೆಲವರು ಭಾವಿಸುತ್ತಾರೆ, ಅದು ಸರಿಯಲ್ಲ. ಎಸೆಯುವುದು ಎಂಬ ಅರ್ಥದ ದಿವಾದಿಗಣದ ಅಸ್ ಧಾತುವಿಗೆ ಕ್ತಪ್ರತ್ಯಯವು ಸೇರಿದರೆ ಅಸ್ತ, ವಿ ಎಂಬ ಉಪಸರ್ಗದೊಡನೆ ವ್ಯಸ್ತ. ಎಸೆದುದೂ ಬಿಡಿಬಿಡಿಯಾಗಿ ಎಸೆದುದೂ ಎಂದರ್ಥವಾಯಿತು. ಈ ಒಂದು ಧಾತುವಿನ ಸಂತಾನವನ್ನು ಎಣಿಸಿದರೆ ಆಶ್ಚರ್ಯವಾಗದಿರದು. ಒಟ್ಟಿಗೆ ಎಸೆದರೆ ಸಮಾಸ, ಬೇರೆಬೇರೆಯಾಗಿ ಎಸೆದರೆ ವ್ಯಾಸ, ಕೆಳಗಿರಿಸಿದರೆ ನ್ಯಾಸ, ಅಂದವಾಗಿರಿಸಿದರೆ ವಿನ್ಯಾಸ, ಮತ್ತೆಮತ್ತೆ ಮಾಡಿದರೆ ಅಭ್ಯಾಸ, ತಿರುಗುಮುರುಗಾದರೆ ವಿಪರ್ಯಾಸ, ಎಲ್ಲವನ್ನೂ ತ್ಯಜಿಸಿದರೆ ಸಂನ್ಯಾಸ. ಕ್ರಮಕ್ಕೂ ಅಕ್ರಮಕ್ಕೂ ಧಾತು ಒಂದೇ, ಉಪಸರ್ಗ ಮಾತ್ರ ಬೇರೆ. ವ್ಯಾಕರಣದಲ್ಲಿ ವ್ಯಸ್ತವೆಂಬುದು ಸಮಸ್ತಕ್ಕೆ ಪ್ರತಿಯೋಗಿ. ಸಮಾಸವಾಗದೆ ಬಿಡಿಯಾಗಿ ನಿಂತ ಪದವೆಂದಷ್ಟೇ ಅರ್ಥ, ದೋಷವೆಂಬ ಭಾವ ಲೇಶವೂ ಇಲ್ಲ. ಅಷ್ಟೇ ಏಕೆ, ಒಂದಾಗಿ ಬೆರೆತಿದ್ದ ವೇದರಾಶಿಯನ್ನು ವಿಭಾಗಮಾಡಿದ ಕಾರಣದಿಂದ ಕೃಷ್ಣದ್ವೈಪಾಯನನಿಗೆ ವ್ಯಾಸನೆಂಬ ಹೆಸರು ಬಂದಿತೆಂದು ಮಹಾಭಾರತವೇ ಹೇಳುತ್ತದೆ. ವ್ಯಾಸನ ಹೆಸರಿನಲ್ಲಿರುವ ಧಾತೂಪಸರ್ಗಗಳೇ ಅಸ್ತವ್ಯಸ್ತದ ಉತ್ತರಾರ್ಧದಲ್ಲಿಯೂ ಇರುವುವು. ವೇದಗಳಿಗೆ ಮಾಡಿದಾಗ ವ್ಯವಸ್ಥೆಯಾದುದು ಬಟ್ಟೆಬರೆಗಳಿಗೆ ಆದಾಗ ಅವ್ಯವಸ್ಥೆಯಾಯಿತು. ಹಿಂದಿಯಲ್ಲಿ ಈಗ ವ್ಯಸ್ತ ಎಂದರೆ ಬಿಡುವಿಲ್ಲದವನು. ಅದು ಬೇರೆಯೇ ಒಂದು ದಾರಿ.

ಅಲ್ಲೋಲಕಲ್ಲೋಲದಲ್ಲಿ ಕಲ್ಲೋಲಶಬ್ದವು ಸ್ಪಷ್ಟವಾಗಿದೆ, ದೊಡ್ಡ ಅಲೆ. ಅಲ್ಲೋಲ ಎಂಬುದಕ್ಕೆ ಮಾತ್ರ ಪ್ರತ್ಯೇಕವಾಗಿ ಅರ್ಥವಿಲ್ಲದಿರುವುದರಿಂದ ಅದು ಬರಿಯ ಅನುಕರಣವೆಂದು ಬಿಟ್ಟುಬಿಡುವರು. ಆದರೆ ಅಮರಕೋಶದ ವಾರಿವರ್ಗದಲ್ಲಿ ಮಹಾತರಂಗಗಳಿಗೆ ಉಲ್ಲೋಲ ಕಲ್ಲೋಲ ಎಂಬೆರಡು ಹೆಸರುಗಳು ಒಂದರ ಬೆನ್ನಿಗೊಂದು ಒಂದೇ ಸಮಾಸದಲ್ಲಿ ಬಂದಿರುವುವು. ತಲೆಮಾರುಗಳ ಕಾಲ ಬಾಲಕರು ಅರ್ಥ ತಿಳಿಯುವುದಕ್ಕೆ ಮುಂಚೆಯೇ ಅಮರವನ್ನು ಬಾಯಿಪಾಠ ಮಾಡುತ್ತಿದ್ದ ದೇಶದಲ್ಲಿ ಈ ಜೋಡಿ ಕಿವಿಯಲ್ಲಿ ನಿಂತು, ಉಕಾರವು ಸವೆದು ಅಕಾರವಾಗಿ ಲೋಕದ ಮಾತಿಗೆ ಇಳಿದಿರುವುದು ಅಸಂಭವವಲ್ಲ. ಪಾಠಶಾಲೆಯ ಜಗಲಿಯಿಂದ ಬೀದಿಗೆ ಬಂದ ಶಬ್ದವೆಂದು ಇದನ್ನು ಎಣಿಸಬಹುದು.

ದೇಶ್ಯದ ಜೋಡಿಮಾತುಗಳಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಕನ್ನಡದ ಸಾಮಾನ್ಯವಾದ ಪ್ರತಿಧ್ವನಿಪದವು ಗಿಕಾರದಿಂದ ಹೊರಡುತ್ತದೆ: ಪುಸ್ತಕಗಿಸ್ತಕ, ಮನೆಗಿನೆ. ಅವ್ಯವಸ್ಥೆಯ ಜೋಡಿಗಳು ಈ ನಿಯಮಕ್ಕೆ ಒಳಪಡುವುದಿಲ್ಲ. ಗಲಿಬಿಲಿ, ಗಜಿಬಿಜಿ, ಗಡಿಬಿಡಿ, ಚೆಲ್ಲಾಪಿಲ್ಲಿ, ತಾರುಮಾರು ಇವುಗಳಲ್ಲಿ ಎರಡನೆಯ ಪದವು ಓಷ್ಠ್ಯದಿಂದ ಮೊದಲಾಗುತ್ತದೆ. ಕ್ರಮವಿಲ್ಲದುದನ್ನು ಹೇಳುವ ಶಬ್ದಗಳು ತಮ್ಮಲ್ಲಿಯೇ ಒಂದು ಕ್ರಮವನ್ನು ಇಟ್ಟುಕೊಂಡಿರುವುದು ವಿಚಿತ್ರವೇ ಸರಿ. ಇವುಗಳಲ್ಲಿ ಗಡಿಬಿಡಿಯು ಮರಾಠಿ ಹಿಂದಿಗಳಲ್ಲಿಯೂ ಸ್ವಲ್ಪ ಭೇದದಿಂದ ಉಂಟು. ಅಲ್ಲಿ ಕ್ರಮಭಂಗವೇ ಪ್ರಧಾನಾರ್ಥವಾದರೆ ಕನ್ನಡದಲ್ಲಿ ಅವಸರವೇ ಪ್ರಧಾನ. ಚೆಲ್ಲಾಪಿಲ್ಲಿಯಲ್ಲಿ ಚೆಲ್ಲು ಧಾತುವು ಇರುವುದರಲ್ಲಿ ಸಂದೇಹವಿಲ್ಲ. ಮೇಲುಕೋಟೆಯ ಉತ್ಸವಮೂರ್ತಿಯ ಚೆಲುವಪಿಳ್ಳೆ ಎಂಬ ನಾಮಕ್ಕೂ ಇದಕ್ಕೂ ಧ್ವನಿಸಾಮ್ಯ ಹೊರತು ಬೇರೆ ನಂಟಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಧ್ವನಿಸಾಮ್ಯವೊಂದನ್ನೇ ಹಿಡಿದು ನಿರ್ವಚನಕ್ಕೆ ಹೊರಡುವವರು ಇರುವವರೆಗೆ ಹೇಳಿಟ್ಟಿರುವುದು ಒಳ್ಳೆಯದು.

ಅಡ್ಡಾದಿಡ್ಡಿ ಎಂಬುದನ್ನು ಕುರಿತು ಒಂದು ಜನಜನಿತವಾದ ವ್ಯುತ್ಪತ್ತಿಯುಂಟು. ದಿಡ್ಡಿ ಎಂದರೆ ಕೋಟೆಯ ಅಥವಾ ಹಿತ್ತಿಲಿನ ಸಣ್ಣ ಬಾಗಿಲು. ಹೆಬ್ಬಾಗಿಲನ್ನು ಬಿಟ್ಟು ಅಡ್ಡದಾರಿಯಿಂದ ದಿಡ್ಡಿಯಲ್ಲಿ ನುಗ್ಗುವುದೇ ಅಡ್ಡಾದಿಡ್ಡಿಯಾಯಿತೆಂದು. ಕೇಳುವುದಕ್ಕೆ ಸೊಗಸಾಗಿದೆ. ಆದರೆ ತೆಲುಗಿನಲ್ಲಿ ಇದರ ಜೊತೆಯ ಶಬ್ದವು ಅಡ್ಡದಿಡ್ಡಮು ಎಂದಿರುವುದೇ ಹೊರತು ಬಾಗಿಲಿನ ಹೆಸರಾದ ದಿಡ್ಡಿ ಎಂದು ಕೊನೆಗೊಳ್ಳುವುದಿಲ್ಲ. ದಿಡ್ಡಿಬಾಗಿಲು ತೆಲುಗಿನಲ್ಲಿಯೂ ಇರುವಾಗ ಜೋಡಿಮಾತಿನಲ್ಲಿ ಮಾತ್ರ ಅದು ರೂಪಗೆಡಲು ಕಾರಣವಿಲ್ಲ. ಆದುದರಿಂದ ಎರಡನೆಯ ಪದವು ಮೊದಲನೆಯದರ ನೆರಳೆಂದೂ ಬಾಗಿಲಿನ ಕಥೆಯು ತರುವಾಯ ಕಟ್ಟಿದುದೆಂದೂ ತಿಳಿಯುವುದು ಯುಕ್ತ.

ತಾರುಮಾರಿನ ವಿಷಯದಲ್ಲಿ ಇದಕ್ಕಿಂತ ಗಂಭೀರವಾದ ವಿವಾದಕ್ಕೆ ಅವಕಾಶವಿದೆ. ಪಾರಸಿಯಲ್ಲಿ ತಾರ್-ಒ-ಮಾರ್ ಎಂಬ ಮಾತುಂಟು. ಚೂರುಚೂರಾಗಿ ಚದುರಿಹೋದುದು ಎಂದು ಅರ್ಥ. ಸೈನ್ಯಗಳ ಭಂಗವನ್ನು ಹೇಳುವಾಗ ಅದರ ಪ್ರಯೋಗ ಹೆಚ್ಚು. ಬಹಮನಿ ಆದಿಲಶಾಹಿಗಳ ಕಾಲದಲ್ಲಿ ನೂರಾರು ಪಾರಸಿ ಶಬ್ದಗಳು ಕನ್ನಡಕ್ಕೆ ಬಂದಿರುವಾಗ ಇದೂ ಅವುಗಳಲ್ಲೊಂದೆಂದು ಹೇಳುವುದು ಸುಲಭ. ಆದರೆ ತಮಿಳಿನಲ್ಲಿ ಇದೇ ಶಬ್ದವು ಎರಡು ಕಡೆಗಳಲ್ಲಿಯೂ ವಲ್ಲಿನ ಱಕಾರದಿಂದ, ತಾಱುಮಾಱು ಎಂದು, ಬರೆಯಲ್ಪಡುತ್ತದೆ. ಮಾಱು ಎಂಬುದು ಬದಲಾಗು ಎಂಬರ್ಥದ ದ್ರಾವಿಡಧಾತುವೆಂಬುದು ನಿರ್ವಿವಾದ; ಕನ್ನಡದ ಮಾರಾಟ, ಮಾರ್ಪಾಡುಗಳು ಅದರಿಂದಲೇ ಹುಟ್ಟಿದವು. ಪಾರಸಿಯ ರೇಫವು ತಮಿಳಿಗೆ ಬಂದರೆ ಅದು ಸಾಮಾನ್ಯವಾಗಿ ಱಕಾರವಾಗುವುದಿಲ್ಲ. ಕನ್ನಡದಲ್ಲಿ ಱಕಾರವು ಬರೆವಣಿಗೆಯಿಂದಲೇ ಮರೆಯಾದುದರಿಂದ ಸಾಕ್ಷ್ಯವು ಅಳಿಸಿಹೋಯಿತು; ತಮಿಳಿನಲ್ಲಿ ಉಳಿಯಿತು. ಪಾರಸಿಯ ಸಾಮ್ಯವು ಕಾಕತಾಲೀಯವೆಂದೂ ಶಬ್ದವು ದ್ರಾವಿಡವೇ ಎಂದೂ ಹೇಳುವ ಪಕ್ಷವೇ ಬಲವಾದುದೆಂದು ತೋರುತ್ತದೆ. ಎರಡು ಭಾಷೆಗಳನ್ನೂ ಬಲ್ಲ ದಖನಿನ ಜನರು ಸಾಮ್ಯವನ್ನು ಕಂಡು ಪ್ರಯೋಗವನ್ನು ಹೆಚ್ಚಿಸಿದ್ದರೆ ಅದಕ್ಕೆ ಅಡ್ಡಿಯಿಲ್ಲ.

ಕಲಸುಮೇಲೋಗರದ ಹುಟ್ಟು ಅಡಿಗೆಯ ಮನೆಯಲ್ಲಿ. ಓಗರವೆಂದರೆ ಅನ್ನ; ಅದರ ಮೇಲೆ ಬಡಿಸತಕ್ಕದ್ದು ಮೇಲೋಗರ. ಎಲೆಯಲ್ಲಿ ಇವುಗಳಿಗೆ ತಮ್ಮತಮ್ಮ ಎಡೆಯೂ ಸರದಿಯೂ ಉಂಟು. ಕಲಸದೆ ಊಟವಿಲ್ಲವಾದರೂ ಕಲಸಬೇಕಾದವನು ಉಣ್ಣುವವನೇ ಹೊರತು ಬಡಿಸುವವನಲ್ಲ. ಬೆರಕೆಯೆಂಬ ದೋಷವನ್ನು ಅಡಿಗೆಯ ಉಪಮಾನದಿಂದ ಹೇಳುವುದು ಕನ್ನಡಿಗರಿಗೆ ಹಳೆಯ ರೂಢಿ. ಸಂಸ್ಕೃತವನ್ನೂ ಕನ್ನಡವನ್ನೂ ಅನುಚಿತವಾಗಿ ಕೂಡಿಸುವ ಕವಿಗಳನ್ನು ಹಳಿಯುವಾಗ 12ನೆಯ ಶತಮಾನದ ನಯಸೇನನು ತುಪ್ಪವನ್ನೂ ಎಣ್ಣೆಯನ್ನೂ ನೆನೆದನು. ಎರಡೂ ಬೇರೆಬೇರೆಯಾಗಿ ಒಳ್ಳೆಯವೇ.

ದೊಂಬಿಯನ್ನು ಡೊಂಬರ ಜಾತಿಗೆ ಗಂಟುಹಾಕುವುದು ನಿರಾಧಾರವೂ ಅನ್ಯಾಯವೂ ಆದ ನಿರ್ವಚನ. ಕಲಹವೆಂಬರ್ಥದ ತೆಲುಗಿನ ದೊಮ್ಮಿಯೇ ಇದರ ಹತ್ತಿರದ ಬಂಧು. ಈ ಶಬ್ದದ ಭಾಗ್ಯವೆಂದರೆ ಅವ್ಯವಸ್ಥೆಯ ಶಬ್ದಗಳಲ್ಲೆಲ್ಲ ಇದೊಂದಕ್ಕೆ ಲೆಕ್ಕವು ದೊರೆತುದು. 1860ರ ದಂಡಸಂಹಿತೆಯ ಪ್ರಕಾರ ಐವರಿಗೆ ಕಡಿಮೆಯಿಲ್ಲದ ಅಕ್ರಮಕೂಟವು ಬಲಪ್ರಯೋಗ ಮಾಡಿದರೆ ದೊಂಬಿ. ನಾಲ್ವರು ಎಷ್ಟು ಹೊಡೆದಾಡಿದರೂ ದೊಂಬಿಯಲ್ಲ. 2024ರ ಜುಲೈ ತಿಂಗಳಿನಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯು ಜಾರಿಗೆ ಬಂದಿರುವುದಾದರೂ ಐದೆಂಬ ಸಂಖ್ಯೆ ಬದಲಾಗಿಲ್ಲ.

ಇನ್ನು ಗೊಂದಲವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕು. ಇಂದು ಮನಸ್ಸಿನ ಸಂದಿಗ್ಧತೆಯನ್ನೂ ಸಭೆಯ ಗದ್ದಲವನ್ನೂ ಲೆಕ್ಕಪತ್ರದ ತೊಡಕನ್ನೂ ಒಂದೇ ಸಮನಾಗಿ ಹೇಳುವ ಈ ಶಬ್ದವು ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳ ಕಡೆಯಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಒಂದು ದೇವೀಪೂಜೆಯ ಹೆಸರು. ತುಳಜಾಪುರದ ಭವಾನಿ, ಮಾಹೂರಿನ ರೇಣುಕೆ ಮೊದಲಾದ ದೇವಿಯರ ಒಕ್ಕಲಾದ ಮನೆಗಳಲ್ಲಿ ಮದುವೆ ಮುಂಜಿಗಳ ತರುವಾಯ ಗೊಂದಲವನ್ನು ಹಾಕಿಸುವರು. ಇದನ್ನು ನಡೆಸತಕ್ಕವರು ಗೊಂದಲಿಗರು. ರಾತ್ರಿಯಲ್ಲಿ ಧಾನ್ಯದಿಂದ ಚೌಕವನ್ನು ಬರೆದು ಕಲಶವನ್ನು ಸ್ಥಾಪಿಸಿ ದೀವಟಿಗೆಯನ್ನು ಹೊತ್ತಿಸುವರು. ಸಂಬಾಳವೆಂಬ ಜೋಡಿಚರ್ಮವಾದ್ಯವೂ ತುಂತುಣಿಯೂ ತಾಳವೂ ಮೊಳಗುತ್ತಿರಲು ಊರೂರಿನ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಹೆಸರೆತ್ತಿ ಗೊಂದಲಕ್ಕೆ ಬರಬೇಕೆಂದು ಆಹ್ವಾನಿಸುವರು. ತರುವಾಯ ಆಖ್ಯಾನ; ಕೊನೆಗೆ ಆರತಿ. ಆವಾಹನ, ಕಥನ, ವಿಸರ್ಜನಗಳ ಪೂರ್ವಾಪರವು ವೈದಿಕಕರ್ಮದಲ್ಲಿರುವಷ್ಟೇ ಖಚಿತವಾಗಿರುವುದು. ಆದರೆ ಒಳಗೆ ಕುಳಿತವನಿಗೆ ಅನುಕ್ರಮವಾಗಿ ಕಂಡದ್ದು ಬೀದಿಯ ಆಚೆ ಮಲಗಿದವನ ಕಿವಿಗೆ ನಡುರಾತ್ರಿಯ ವಾದ್ಯಘೋಷವಾಗಿ, ಕೂಗಾಟವಾಗಿ ಬೀಳುವುದು. ಮರಾಠಿಯಲ್ಲಿಯೂ ಗೋಂಧಳವೆಂಬ ಶಬ್ದಕ್ಕೆ ಪೂಜೆ, ಗಲಿಬಿಲಿ ಎಂಬ ಎರಡರ್ಥಗಳೂ ಇರುವುದರಿಂದ ಈ ಅರ್ಥಾಂತರವು ಗಡಿಯ ಎರಡು ಕಡೆಯಲ್ಲಿಯೂ ನಡೆದಿರುವುದು ಸ್ಪಷ್ಟ.

ಈ ಶಬ್ದದ ಪ್ರಾಚೀನತೆಯು ಕಲ್ಯಾಣದ ಚಾಲುಕ್ಯರವರೆಗೆ ಹೋಗುವುದೆಂದು ಹೇಳಲು ಆಧಾರವುಂಟು. ಕಾಕತೀಯ ಗಣಪತಿದೇವನ ಗಜಸೈನ್ಯಾಧಿಪತಿಯಾಗಿದ್ದ ಜಾಯಸೇನಾಪತಿಯು 13ನೆಯ ಶತಮಾನದ ನಡುವೆ ಬರೆದ ನೃತ್ತರತ್ನಾವಳಿಯಲ್ಲಿ ಗೊಂಡಲಿ ಎಂಬ ದೇಶೀನೃತ್ಯವನ್ನು ವಿವರಿಸುವಾಗ ಅದರ ಉತ್ಪತ್ತಿಯನ್ನು ಹೇಳಿರುವನು. ಕಲ್ಯಾಣದಲ್ಲಿ ಭೂತಮಾತೃವಿನ ಉತ್ಸವದಲ್ಲಿ ಭಿಲ್ಲಸ್ತ್ರೀಯ ವೇಷವನ್ನು ತೊಟ್ಟು ಕುಣಿದವಳೊಬ್ಬಳನ್ನು ಸೋಮೇಶ್ವರ ಮಹಾರಾಜನು ಕಂಡು ಮೆಚ್ಚಿ ಆ ನೃತ್ಯಕ್ಕೆ ಪ್ರಚಾರವನ್ನು ಕೊಟ್ಟನೆಂಬುದು ಅದರ ತಾತ್ಪರ್ಯ. ಮಾನಸೋಲ್ಲಾಸವನ್ನು ಬರೆದ ಮೂರನೆಯ ಸೋಮೇಶ್ವರನೇ ಇವನೆಂದು ಗ್ರಹಿಸುತ್ತಾರೆ. ಆ ಗ್ರಂಥದ ಕಾಲ ಸುಮಾರು ಕ್ರಿ. ಶ. 1129. ದೇವಗಿರಿಯ ಆಶ್ರಯದಲ್ಲಿದ್ದ ಶಾರ್ಙ್ಗದೇವನೂ ಸಂಗೀತರತ್ನಾಕರದ ನರ್ತನಾಧ್ಯಾಯದಲ್ಲಿ ಗೌಂಡಲೀವಿಧಿಯನ್ನು ಹೇಳಿದ್ದಾನೆ. ಕಾಡಿನ ಜನರ ವೇಷವೆಂದು ಮೊದಲು ಕಂಡುದಕ್ಕೆ ಒಂದು ಶತಮಾನದಲ್ಲಿ ವಿಧಿ ಎಂಬ ಶಾಸ್ತ್ರನಾಮವು ಬಂದಿತು. ಈ ಗೊಂಡಲಿಗೂ ದೇವಿಯ ಗೊಂದಲಕ್ಕೂ ಸಂಬಂಧವುಂಟೆಂದು ಹಲವು ವಿದ್ವಾಂಸರ ಮತ.

ಇದಕ್ಕೆ ಒಂದು ಆಕ್ಷೇಪ ಹುಟ್ಟಬಹುದು. ಹಳಗನ್ನಡದಲ್ಲಿ ಗೊಂದಣವೆಂಬ ಶಬ್ದವಿದೆ. ಸಮೂಹ, ದಟ್ಟಣೆ ಎಂದು ಅದರ ಅರ್ಥ. ಗೊಂದಣವೇ ಗೊಂದಳವೂ ಗೊಂದಲವೂ ಆಗಿರಬಾರದೇಕೆ, ಪೂಜೆಯ ಕಥೆಯ ಅಗತ್ಯವೇನು ಎಂದು ಕೇಳಬಹುದು. ಣಕಾರ ಳಕಾರಗಳ ವ್ಯತ್ಯಯಕ್ಕೆ ದೃಷ್ಟಾಂತಗಳಿಲ್ಲದಿಲ್ಲ. ಸಂಸ್ಕೃತದ ವೇಣುವು ಪಾಳಿಯಲ್ಲಿ ವೇಳುವಾಯಿತು. ಆದರೆ ಗೊಂದಣದಲ್ಲಿ ಗಲಿಬಿಲಿಯೆಂಬ ಭಾವವಿಲ್ಲ. ಅಲ್ಲಿರುವುದು ಕಿಕ್ಕಿರಿದ ಸಮೃದ್ಧಿ. ಸಮೂಹವಾಚಕವು ಕಲಹವಾಚಕವಾಗಬೇಕಾದರೆ ನಡುವೆ ಒಂದು ಮೆಟ್ಟಿಲು ಬೇಕು, ಆ ಮೆಟ್ಟಿಲು ವಾದ್ಯಘೋಷದ ಪೂಜೆಯೇ ಆಗಿರುವಂತೆ ತೋರುತ್ತದೆ. ಗೊಂದಣದ ನೆನಪು ಕನ್ನಡಿಗರ ಕಿವಿಯಲ್ಲಿ ಇದ್ದುದರಿಂದ ಗೊಂದಲದ ಹೊಸ ಅರ್ಥವು ಬೇಗನೆ ಒಗ್ಗಿತೆಂದು ಎರಡು ಪಕ್ಷಗಳನ್ನೂ ಸಮನ್ವಯಗೊಳಿಸಬಹುದು.

ಅರಾಜಕಶಬ್ದವು ಇದಕ್ಕಿಂತ ಪ್ರಾಚೀನ. ನಞ್ ಪೂರ್ವಕವಾದ ಬಹುವ್ರೀ­ಹಿಗೆ ವಿಕಲ್ಪವಾಗಿ ಬರುವ ಕಪ್ ಎಂಬ ಸಮಾಸಾಂತವು ಸೇರಿ, ಯಾವುದಕ್ಕೆ ಅರಸನಿಲ್ಲವೋ ಅದು ಅರಾಜಕ. ಆದುದರಿಂದ ಇದು ಮೂಲದಲ್ಲಿ ವಿಶೇಷಣ, ದೇಶಕ್ಕೆ ಸಲ್ಲತಕ್ಕದ್ದು. ಅದರಲ್ಲಿ ಗಲಭೆಯ ಸೂಚನೆಯೇ ಇಲ್ಲ. ಆದರೆ ಶ್ರೀಮದ್ರಾಮಾಯಣದ ಅಯೋಧ್ಯಾಕಾಂಡದ 67ನೆಯ ಸರ್ಗವು ಈ ಶಬ್ದದ ಭವಿಷ್ಯವನ್ನು ನಿಶ್ಚಯಿಸಿತು. ದಶರಥನು ಸ್ವರ್ಗಸ್ಥನಾಗಿ, ರಾಮನು ವನದಲ್ಲಿ, ಭರತನು ಮಾವನ ಮನೆಯಲ್ಲಿ ಇರುವ ರಾತ್ರಿ ಕಳೆದ ಮೇಲೆ ಮಾರ್ಕಂಡೇಯಾದಿಗಳು ವಸಿಷ್ಠನ ಎದುರಿಗೆ ಅರಸನಿಲ್ಲದ ನಾಡಿನ ಸ್ಥಿತಿಯನ್ನು ಬಣ್ಣಿಸುವರು. ಮಳೆಯಿಲ್ಲ, ಬಿತ್ತನೆಯಿಲ್ಲ, ಮಗನು ತಂದೆಯ ಮಾತು ಕೇಳುವುದಿಲ್ಲ, ವರ್ತಕನು ದೂರ ಹೋಗಲಾರನು, ಮೀನುಗಳಂತೆ ಜನರು ಒಬ್ಬರನ್ನೊಬ್ಬರು ತಿನ್ನುವರು ಎಂದು ಒಂದೊಂದು ಶ್ಲೋಕದಲ್ಲಿಯೂ ಅರಾಜಕಶಬ್ದವು ಮರುಕಳಿಸುವುದು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಹೊತ್ತಿಗೆ ಅಯೋಧ್ಯೆಯಲ್ಲಿ ಈ ಅನರ್ಥಗಳಲ್ಲಿ ಯಾವುದೂ ಆಗಿರಲಿಲ್ಲ. ಮಂತ್ರಿಗಳು ಅಲ್ಲಿಯೇ ಇದ್ದರು, ದೂತರು ಸಿದ್ಧರಾಗಿದ್ದರು. ಅದು ವರ್ಣನೆಯಲ್ಲ, ಭೀತಿ. ಬೇಗನೆ ಒಬ್ಬನನ್ನು ಪಟ್ಟಕ್ಕೆ ಕೂರಿಸಬೇಕೆಂಬುದಕ್ಕೆ ಹೇಳಿದ ಅರ್ಥವಾದ.

ಮಹಾಭಾರತದ ಶಾಂತಿಪರ್ವವಾದರೋ ಎರಡು ದನಿಗಳಲ್ಲಿ ಮಾತನಾಡುತ್ತದೆ. ಒಂದೆಡೆ ಅರಾಜಕದ ಭಯವು ರಾಮಾಯಣದಲ್ಲಿದ್ದಂತೆಯೇ ಇದೆ. ಇನ್ನೊಂದೆಡೆ ಭೀಷ್ಮನು, ಕೃತಯುಗದಲ್ಲಿ ರಾಜ್ಯವೂ ಅರಸನೂ ದಂಡವೂ ದಂಡಿಸುವವನೂ ಇರಲಿಲ್ಲವೆಂದೂ, ಪ್ರಜೆಗಳು ಧರ್ಮದಿಂದಲೇ ಪರಸ್ಪರ ರಕ್ಷಿಸಿಕೊಳ್ಳುತ್ತಿದ್ದರೆಂದೂ, ಮೋಹವು ಹುಟ್ಟಿದ ಮೇಲೆ ಮಾತ್ರ ಅದು ಕೆಟ್ಟಿತೆಂದೂ ಹೇಳುತ್ತಾನೆ. ಅರಸನಿಲ್ಲದಿರುವುದೂ ಕ್ರಮವಿಲ್ಲದಿರುವುದೂ ಒಂದೇ ಅಲ್ಲವೆಂಬ ತಿಳಿವಳಿಕೆ ಇಲ್ಲಿ ನಿಚ್ಚಳವಾಗಿದೆ. ಜೈನರ ಆಚಾರಾಂಗಸೂತ್ರವು ಭಿಕ್ಷುಗಳು ಸಂಚರಿಸಬಾರದ ನಾಡುಗಳನ್ನು ಎಣಿಸುವಾಗ ಅರಸನಿಲ್ಲದುದು, ಗಣಗಳು ಆಳುವುದು, ಇಬ್ಬರು ಆಳುವುದು ಎಂದು ಬೇರೆಬೇರೆಯಾಗಿ ಹೇಳಿರುವುದನ್ನು ಹಿಡಿದು, 1924ರಲ್ಲಿ ಕಾಶೀಪ್ರಸಾದ ಜಾಯಸ್ವಾಲರು ಅರಾಜಕವೆಂಬುದು ಒಂದು ರಾಜ್ಯಪದ್ಧತಿಯೆಂದೇ ವಾದಿಸಿದರು. ಅಷ್ಟು ದೂರ ಹೋಗುವುದಕ್ಕೆ ಆ ಸೂತ್ರವು ಸಾಲದು. ಆದರೆ ಅರಾಜಕವು ಎಣಿಕೆಯಲ್ಲಿ ಒಂದಾಗಿ ಸೇರುವಂತಹ ಸ್ಥಿತಿಯಾಗಿತ್ತೇ ಹೊರತು ಸ್ಥಿತಿಯ ಅಭಾವವಾಗಿರಲಿಲ್ಲವೆಂಬಷ್ಟು ಸಿದ್ಧವಾಗುತ್ತದೆ.

ಬಲಿಷ್ಠನು ದುರ್ಬಲನನ್ನು ನುಂಗುವುದನ್ನು ಹೇಳುವುದಕ್ಕೆ ಶಾಸ್ತ್ರಕಾರರಲ್ಲಿ ಬೇರೊಂದು ಶಬ್ದವಿತ್ತು, ಮಾತ್ಸ್ಯನ್ಯಾಯ. ಕೌಟಿಲ್ಯನು ಆ ನ್ಯಾಯದಿಂದ ಪೀಡಿತರಾದ ಪ್ರಜೆಗಳು ವೈವಸ್ವತಮನುವನ್ನು ಅರಸನನ್ನಾಗಿ ಮಾಡಿಕೊಂಡು ಧಾನ್ಯದಲ್ಲಿ ಆರರಲ್ಲೊಂದು, ಪಣ್ಯದಲ್ಲಿ ಹತ್ತರಲ್ಲೊಂದು ಭಾಗವನ್ನು ಕೊಟ್ಟರೆಂಬ ವಾದವನ್ನು ಉಲ್ಲೇಖಿಸಿದ್ದಾನೆ. ಆ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟವರು ಮೈಸೂರಿನ ಪ್ರಾಚ್ಯಕೋಶಾಗಾರದ ರುದ್ರಪಟ್ಟಣ ಶಾಮಶಾಸ್ತ್ರಿಗಳು, ಮುದ್ರಿತವಾದುದು 1909ರಲ್ಲಿ. ಬಂಗಾಳದ ಪಾಲವಂಶದ ಖಾಲಿಂಪುರ ತಾಮ್ರಶಾಸನದಲ್ಲಿಯೂ ಮಾತ್ಸ್ಯನ್ಯಾಯವನ್ನು ಕೊನೆಗಾಣಿಸಲು ಪ್ರಕೃತಿಗಳು ಗೋಪಾಲನನ್ನು ಅರಸನನ್ನಾಗಿ ಮಾಡಿದರೆಂದು ಇದೆ. ಮಾತ್ಸ್ಯನ್ಯಾಯವು ಪಂಡಿತರಲ್ಲಿಯೇ ಉಳಿದು, ಅದರ ಅರ್ಥಭಾರವನ್ನೆಲ್ಲ ಲೋಕದಲ್ಲಿ ಅರಾಜಕಶಬ್ದವು ಹೊರಬೇಕಾಯಿತು. 20ನೆಯ ಶತಮಾನದ ಆದಿಯಲ್ಲಿ ಅದಕ್ಕೆ ಇನ್ನೊಂದು ಭಾರವೂ ಬಂದಿತು. ಬ್ರಿಟಿಷ್ ಸರಕಾರವು ದೇಶಭಕ್ತರ ಗುಪ್ತಸಂಘಗಳವರನ್ನು ಅರಾಜಕರೆಂದು ಕರೆಯಿತು. 1919ರ ರೌಲಟ್ ಕಾಯಿದೆಯ ಅಧಿಕೃತ ನಾಮದಲ್ಲಿಯೇ ಅರಾಜಕ ಮತ್ತು ಕ್ರಾಂತಿಕಾರಕ ಅಪರಾಧಗಳೆಂದು ಇತ್ತು. ಅದಕ್ಕೆ ಮೂರು ವರ್ಷಗಳ ಮುಂಚೆ, 1916ರ ಫೆಬ್ರವರಿಯಲ್ಲಿ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಉತ್ಸವದಲ್ಲಿ ಗಾಂಧಿಯವರು ತಾವೂ ಒಬ್ಬ ಅರಾಜಕರೇ, ಆದರೆ ಬೇರೆ ಬಗೆಯವರು ಎಂದು ಹೇಳಿ ಸಭಿಕರನ್ನು ತಲ್ಲಣಗೊಳಿಸಿದರು. ಆಳುವವರು ಎಸೆದ ಶಬ್ದವನ್ನು ಹಿಡಿದು ಅವಯವಾರ್ಥಕ್ಕೆ ಮರಳಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಹೊರಗಿನವರು ಕೊಟ್ಟ ಹೆಸರಿಗೂ ಒಳಗಿನವರು ಇಟ್ಟುಕೊಂಡ ಹೆಸರಿಗೂ ಇರುವ ಈ ಭೇದವು ಕನ್ನಡನಾಡಿನ ಚರಿತ್ರೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು 1830 ಮತ್ತು 1837ರ ನಡುವಣ ಸಂಗತಿಗಳಲ್ಲಿ. ಕನ್ನಡ ವ್ಯಾಕರಣದಲ್ಲಿ ಡುಕಾರಾಂತ ಧಾತುಗಳು ಭಾವನಾಮವಾಗುವಾಗ ಟಕಾರವನ್ನು ಪಡೆಯುವುದು ಪ್ರಸಿದ್ಧ: ಆಡು ಆಟ, ಓಡು ಓಟ, ನೋಡು ನೋಟ. ಹಾಗೆಯೇ ಕೂಡು ಎಂಬುದರಿಂದ ಕೂಟ, ಕಾಡು ಎಂಬುದರಿಂದ ಕಾಟ. ಒಂದೇ ನಿಯಮದಿಂದ ಹುಟ್ಟಿದ ಈ ಎರಡು ಶಬ್ದಗಳು ಏಳು ವರ್ಷಗಳ ಅವಧಿಯಲ್ಲಿ ಎರಡು ಜನಕ್ಷೋಭೆಗಳಿಗೆ ಹೆಸರಾದುವು.

1830ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ಕಂದಾಯದ ಕಷ್ಟಗಳನ್ನು ಹೇಳಿಕೊಳ್ಳಲು ಗುಂಪುಗೂಡಿದರು. ಇಂತಿಷ್ಟು ಹಣವನ್ನು ಎತ್ತಿಕೊಡುವೆವೆಂದು ಅಮಲ್ದಾರರಿಂದ ಮುಂಚಿತವಾಗಿ ಕರಾರು ಬರೆಸಿಕೊಳ್ಳುವ ಶರತ್ತಿನ ಪದ್ಧತಿಯು ಆಗ ನಡೆಯುತ್ತಿದ್ದುದರಿಂದ, ಕೊರತೆ ಬಿದ್ದರೆ ಅದರ ಹೊರೆ ಕೊನೆಗೆ ರೈತನ ಮೇಲೆಯೇ ಬೀಳುತ್ತಿತ್ತು. ಅದೇ ಕಾಲದಲ್ಲಿ, 1799ರಿಂದ ಕುಂಪಣಿಯ ಆಡಳಿತಕ್ಕೆ ಸೇರಿ ಮದರಾಸಿನ ಅಧೀನದಲ್ಲಿದ್ದ ಕನ್ನಡ ಜಿಲ್ಲೆಯಲ್ಲಿಯೂ ರೈತರು ದೇವಸ್ಥಾನಗಳ ಪ್ರಾಂಗಣಗಳಲ್ಲಿ ಸೇರಿ ಅರ್ಜಿಗಳನ್ನು ಬರೆದರು; ಕಂದಾಯವನ್ನು ಕೊಡುವುದಿಲ್ಲವೆಂದು ನಿಶ್ಚಯಿಸಿದರು. ಘಟ್ಟದ ಮೇಲೆಯೂ ಕೆಳಗೂ ಈ ಸಭೆಗಳಿಗೆ ಅವರು ಕೊಟ್ಟ ಹೆಸರು ಕೂಟ. ಅದು ಚದುರಿಕೆಗೆ ನೇರವಾಗಿ ವಿರುದ್ಧವಾದ ಶಬ್ದ. ನಗರದಲ್ಲಿ ಬೂದಿಬಸವಪ್ಪನೂ ತರೀಕೆರೆಯ ಪಾಳೆಯಗಾರನೂ ಸೇರಿಕೊಂಡ ಮೇಲೆ ಆಯುಧಗಳು ಹೊರಬಿದ್ದುವು, ಕೊಲೆಗಳಾದುವು, ಅದನ್ನು ಮರೆಮಾಡಬೇಕಾಗಿಲ್ಲ. ಆದರೆ ಮೊದಲಿನ ಕೂಟವೂ ತರುವಾಯದ ಕಾಳಗವೂ ದಂಗೆ ಎಂಬ ಒಂದೇ ಶಬ್ದದಲ್ಲಿ ಮುಳುಗಿಹೋದುವು. ಮರಾಠಿ ಹಿಂದಿಗಳೊಡನೆ ಸಮಾನವಾದ ಈ ಶಬ್ದದಲ್ಲಿ ಅರ್ಜಿಗೂ ಕತ್ತಿಗೂ ಭೇದವಿಲ್ಲ.

1837ರಲ್ಲಿ ಕೊಡಗು ಮತ್ತು ಸುಳ್ಯ ಪುತ್ತೂರುಗಳ ಕಡೆಯಿಂದ ಕಲ್ಯಾಣಪ್ಪನ ಹೆಸರಿನಲ್ಲಿ ಹೊರಟ ದಂಡು ಮಂಗಳೂರನ್ನು ಹಿಡಿದು ಕೆಲವು ದಿನ ಇಟ್ಟುಕೊಂಡಿತು. ಆ ಪ್ರಾಂತದ ಜನರ ನಾಲಗೆಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ. ಇಲ್ಲಿ ಪೂರ್ವಪದವಾದ ಕಾಟವು ಪೀಡೆಯನ್ನೇ ಹೇಳುತ್ತದೆ. ಅವ್ಯವಸ್ಥೆಯ ಹೆಸರುಗಳನ್ನೆಲ್ಲ ಆಳುವವರೇ ಕೊಟ್ಟರೆಂದು ಹೇಳುವವರಿಗೆ ಈ ಶಬ್ದವು ಎದುರು ನಿಲ್ಲುತ್ತದೆ, ಏಕೆಂದರೆ ಇದು ಕಚೇರಿಯ ಶಬ್ದವಲ್ಲ, ಮನೆಮನೆಯ ಶಬ್ದ. ದಂಡು ಹಾದುಹೋದ ದಾರಿಯ ಮನೆಗಳವರ ಸಾಕ್ಷ್ಯವು ಇದರಲ್ಲಿ ಅಡಗಿರಬಹುದು. ಸೋಲಿನ ತರುವಾಯ ಕೇಳಿದವರಿಗೆ ಹೇಳಬಹುದಾಗಿದ್ದ ಹೆಸರು ಇದೊಂದೇ ಆಗಿದ್ದಿರಲೂಬಹುದು. ಇಂದು ಅದೇ ಸಂಗತಿಯನ್ನು ಅಮರಸುಳ್ಯದ ಸ್ವಾತಂತ್ರ್ಯಸಂಗ್ರಾಮವೆಂದು ಕರೆಯುತ್ತಾರೆ. ಅದರ ನಾಯಕರಲ್ಲೊಬ್ಬನಾದ ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆಯು 2022ರಲ್ಲಿ ಮಂಗಳೂರಿನಲ್ಲಿ ಅನಾವರಣಗೊಂಡಿತು. ಹೊಸ ಹೆಸರು ಗೌರವವನ್ನು ಕೊಟ್ಟಿತು ನಿಜ. ಆದರೆ ಕಾಟಕಾಯಿ ಎಂಬ ಹಳೆಯ ಹೆಸರನ್ನು ಪಾಠದಿಂದಲೇ ತೆಗೆದುಹಾಕಿದರೆ ಆ ದಾರಿಯ ಮನೆಗಳವರ ಮಾತು ಎಂದಿಗೂ ಕೇಳಿಸದೆ ಹೋಗುವುದು. ಎರಡು ಹೆಸರುಗಳನ್ನೂ, ಯಾರು ಯಾರು ಅವನ್ನು ಹೇಳಿದರೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದೇ ನ್ಯಾಯ.

ಕೂಟಗಳ ಪರಿಣಾಮವನ್ನು ಹೇಳುವುದು ಉಳಿದಿದೆ. ಮೈಸೂರಿನಲ್ಲಿ ದುರಾಡಳಿತವೆಂಬ ಕಾರಣವನ್ನು ಮುಂದೊಡ್ಡಿ 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕುಂಪಣಿಯು ತೆಗೆದುಕೊಂಡಿತು. ಸಂಸ್ಥಾನವು ಮರಳಿ ಬಂದುದು 1881ರಲ್ಲಿ. ನಗರದ ಕ್ಷೋಭೆಯ ಕಾರಣಗಳನ್ನು ವಿಚಾರಿಸಲು ನೇಮಿಸಿದ ಹಾಕರ್ ಮೊದಲಾದವರ ಸಮಿತಿಯು 1833ರಲ್ಲಿ ವರದಿಯನ್ನೊಪ್ಪಿಸಿ, ಅರಮನೆಯ ಆಡಳಿತದ ದೋಷಗಳನ್ನೇ ಮುಖ್ಯಕಾರಣವಾಗಿ ಹೇಳಿತು. ಗವರ್ನರ್ ಜನರಲ್ ಬೆಂಟಿಂಕನು ತರುವಾಯ ಮನಸ್ಸು ಬದಲಿಸಿ ರಾಜ್ಯದ ಒಂದು ಭಾಗವನ್ನು ಹಿಂದಕ್ಕೆ ಕೊಡಬೇಕೆಂದು ಸೂಚಿಸಿದರೂ ವಿಲಾಯತಿಯವರು ಒಪ್ಪಲಿಲ್ಲ. ಕನ್ನಡ ಜಿಲ್ಲೆಯ ಕೂಟಗಳನ್ನು ಕುರಿತು ಸ್ಟೋಕ್ಸ್ ಎಂಬ ಅಧಿಕಾರಿಯ ವರದಿಯೂ 1833ರಲ್ಲಿಯೇ ಬಂದಿತು. ಅಲ್ಲಿ ಆಡಳಿತವು ಕುಂಪಣಿಯದೇ ಆಗಿದ್ದಿತು. ಕಂದಾಯವು ಒಟ್ಟಿನಲ್ಲಿ ಭಾರವಾದುದಲ್ಲವೆಂದೂ, ಕೆಲವು ದೇಶೀಯ ನೌಕರರ ಒಳಸಂಚಿನಿಂದ ರೈತರು ಎದ್ದರೆಂದೂ ಆ ವರದಿ ನಿರ್ಣಯಿಸಿತು. ಘಟ್ಟದ ಮೇಲಿನ ಕೂಟವು ಅರಸನ ಅವ್ಯವಸ್ಥೆಗೆ ಪ್ರಮಾಣವಾಯಿತು, ಕೆಳಗಿನದು ಪಿತೂರಿಯಾಯಿತು. ಪಿತೂರಿಯ ಮೂಲವಾದ ಅರಬ್ಬಿಯ ಫುತೂರ್ ಎಂಬುದಕ್ಕೆ ಸಡಿಲವಾಗುವುದು, ಬಳಲುವುದು ಎಂದರ್ಥ. ದಖನಿಗೆ ಬರುವ ಹೊತ್ತಿಗೆ ಅದು ಕಿಡಿಗೇಡಿತನವಾಗಿತ್ತು. ಕೂಟವೆಂಬ ಕನ್ನಡದ ಶಬ್ದವನ್ನು ಮಾತ್ರ ಆ ಕಾಲದ ಇಂಗ್ಲಿಷ್ ದಾಖಲೆಗಳು ಭಾಷಾಂತರಿಸದೆ ಹಾಗೆಯೇ ಬರೆದುಕೊಂಡವು.